ಸೊಟ್ಟ ಚಮಚ

ರಜೆ ಬಂತೆಂದರೆ ಸಾಕು, ನಮ್ಮ ಹಳ್ಳಿಯ ಮಕ್ಕಳ ಕೇಂದ್ರಕ್ಕೆ ಹೊರದೇಶದ ಪುಣ್ಯಾತ್ಮರು ಬಂದಿಳಿಯುತ್ತಾರೆ. ಎರಡು ವಾರ ಇರುತ್ತಾರೆ, ಒಂದು ಗೋಡೆಗೆ ಬಣ್ಣ ಬಳಿಯುತ್ತಾರೆ, ಹೋಗುವಾಗ ಅಳುತ್ತಾರೆ. ಅದೇ ಗೋಡೆಗೆ ಇದು ಏಳನೇ ಬಣ್ಣ. ಒಳಗೆ ಕಕ್ಕಸಿನ ಬಾಗಿಲ ಚಿಲಕ ಮುರಿದು ಮೂರು ವರ್ಷವಾಯಿತು. ಅದರ ಪಕ್ಕ ನಿಂತರೆ ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ, ಹಾಗಾಗಿ ಯಾರೂ ಅದನ್ನು ಮುಟ್ಟಿಲ್ಲ.

ನಾನು ಇಲ್ಲಿ ಹದಿನೆಂಟು ವರ್ಷದಿಂದ ಆಯಾ. ಕೈಕಾಲು ಸ್ವಾಧೀನವಿಲ್ಲದ ಇಪ್ಪತ್ತಮೂರು ಮಕ್ಕಳಿದ್ದಾರೆ. ಅವರಲ್ಲೊಬ್ಬಳು ನನ್ನ ತಂಗಿಯ ಮಗಳು, ಒಂಬತ್ತು ವರ್ಷ. ಮುಟ್ಟಿದರೆ ಖಾರ, ಅದಕ್ಕೇ ಎಲ್ಲರೂ ಅವಳನ್ನು ಮೆಣಸು ಅಂತ ಕರೆಯುತ್ತಾರೆ. ತಂಗಿ ಪೇಟೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಹಗಲೆಲ್ಲ ಮಗಳನ್ನು ನೋಡಿಕೊಳ್ಳುವವರಿಲ್ಲ. ಆದರೆ ಅವಳ ಬೀದಿಯಲ್ಲೇ ಒಂದು ಶಾಲೆಯಿದೆ. ಅಲ್ಲಿನ ಹೆಡ್‌ಮೇಡಂ ಹೇಳಿದ್ದು ಒಂದೇ ಮಾತು: "ಗಾಲಿಕುರ್ಚಿ ಇದ್ರೆ ಇರ್ಲಿ, ಮಾತು ತೊದಲಿದ್ರೂ ಇರ್ಲಿ. ಊಟ ಮಾತ್ರ ತಾನೇ ಮಾಡ್ಬೇಕು. ತಿನ್ನಿಸೋಕೆ ನಮ್ಮಲ್ಲಿ ಜನ ಇಲ್ಲ." ಉಳಿದಿದ್ದ ಸೀಟು ಒಂದೇ. ಅದು ಸಿಕ್ಕರೆ ಮೆಣಸು ಅಮ್ಮನ ಮನೆಯಲ್ಲೇ ಇದ್ದು ಶಾಲೆಗೆ ಹೋಗಬಹುದಿತ್ತು.

ಆ ಊಟಕ್ಕಾಗಿ ಹನ್ನೊಂದು ತಿಂಗಳು ಹೆಣಗಿದೆವು. ಅವಳ ಮಣಿಕಟ್ಟು ಒಳಕ್ಕೆ ಮಡಚಿಕೊಂಡಿದೆ. ಮಾಮೂಲಿ ಚಮಚ ಹಿಡಿದರೆ ಗಂಜಿ ಬಾಯಿಗಲ್ಲ, ಕಿವಿಗೆ ಹೋಗುತ್ತಿತ್ತು. ಸೈಕಲ್ ರಿಪೇರಿಯವನ ಹತ್ತಿರ ಹೋಗಿ ಸ್ಟೀಲ್ ಚಮಚದ ಕುತ್ತಿಗೆ ಬಗ್ಗಿಸಿ, ಹಿಡಿಗೆ ಹಳೇ ಹ್ಯಾಂಡಲ್ಲಿನ ರಬ್ಬರು ಹಾಕಿಸಿದೆ. ಐದು ಚಮಚ ಹಾಳಾದವು, ಆರನೆಯದು ಸೀದಾ ಬಾಯಿಗೆ ಬಂತು. ನಮ್ಮ ಕೇಂದ್ರದ ಕಟ್ಟಳೆ ಒಂದೇ: ತುತ್ತು ಬಾಯಿಗಿಡಬಾರದು, ಚಮಚ ಕೈಗಿಟ್ಟು ಬಾಯಿಮುಚ್ಚಿಕೊಂಡು ಕೂರಬೇಕು. ಮೆಣಸು ನನ್ನನ್ನು ಬೈದಳು, ಉಗುಳಿದಳು, ತಟ್ಟೆ ಎಸೆದಳು, ಕಲಿತಳು. ಅರ್ಧ ಬಟ್ಟಲು ಗಂಜಿಗೆ ನಲವತ್ತು ನಿಮಿಷ. ಅವತ್ತು ತಂಗಿಗೆ ಫೋನ್ ಮಾಡಿ ಹೇಳಿದರೆ ಆ ಕಡೆಯಿಂದ ಬರೀ ಮೂಗೆಳೆಯುವ ಸದ್ದು.

ಈ ಸಲ ಬಂದವರು ಆರು ಜನ. ಅವರಲ್ಲಿ ದೊಡ್ಡ ಹ್ಯಾಟಿನವಳೊಬ್ಬಳು ಬಂದ ದಿನವೇ ಮೆಣಸನ್ನು ತೊಡೆ ಮೇಲೆ ಕೂರಿಸಿಕೊಂಡು 'ಏಂಜಲ್' ಅಂತ ಹೆಸರಿಟ್ಟಳು. ಹೆತ್ತವರು ಇಟ್ಟ ಹೆಸರು ಏನೆಂದು ಕೇಳುವ ಪುರಸೊತ್ತು ಇರಲಿಲ್ಲ. ಮಧ್ಯಾಹ್ನ ಗಂಜಿ ಬಟ್ಟಲು ತೆಗೆದುಕೊಂಡು ತಾನೇ ತುತ್ತಿಡತೊಡಗಿದಳು. ಎದುರಿಗೆ ಇನ್ನೊಬ್ಬ ಫೋನ್ ಹಿಡಿದು ನಿಂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಭಾಷೆ ಬಲ್ಲವರು ನಮ್ಮ ಮ್ಯಾನೇಜರ್ ಒಬ್ಬರೇ.

"ಸಾರ್, ತಿನ್ನಿಸ್ಬೇಡ ಅಂತ ಹೇಳಿ ಅವಳಿಗೆ. ಅವರು ಹೋದ ಮಾರನೇ ದಿನವೇ ಹೆಡ್‌ಮೇಡಂ ಇವಳ ಊಟ ನೋಡೋಕೆ ಬರ್ತಾರೆ."

"ಅಯ್ಯೋ ಬಿಡಮ್ಮ. ಅಷ್ಟು ದೂರದಿಂದ ಪ್ರೀತಿಯಿಂದ ಬಂದಿದ್ದಾರೆ. ಎರಡು ವಾರ ತಾನೇ?"

"ಕಲ್ತಿದ್ದು ಮರೆಯೋಕೆ ಎರಡು ವಾರ ಬೇಕಾ ಸಾರ್?"

"ನಿಂಗೆ ಹೊಟ್ಟೆಕಿಚ್ಚು," ಅಂತ ನಕ್ಕರು.

ಹೊಟ್ಟೆಕಿಚ್ಚಂತೆ! ಆದರೂ ಹೋಗಿ ಅವಳಿಗೆ ಏನೋ ಹೇಳಿದರು. ಏನು ಹೇಳಿದರೋ, ಅವಳು ಕಣ್ಣು ಒದ್ದೆ ಮಾಡಿಕೊಂಡು ಬಂದು ನನ್ನನ್ನು ತಬ್ಬಿಕೊಂಡಳು. "ನೀನು ತುಂಬ ದಣಿದಿದ್ದೀಯಂತೆ, ಮಕ್ಕಳನ್ನ ಅವರೇ ನೋಡ್ಕೋತಾರಂತೆ," ಎಂದರು ಮ್ಯಾನೇಜರ್. ಹಾಗೆ ನನಗೆ ವಿಶ್ರಾಂತಿ ಸಿಕ್ಕಿತು. ಆ ವಿಶ್ರಾಂತಿಯಲ್ಲಿ ದಿನಾ ಆರು ಜನರ ಹಾಸಿಗೆ ಬಟ್ಟೆ ಒಗೆದೆ.

ಮೆಣಸೇನು ದಡ್ಡಿಯೇ? ಒಂದು ಕಡೆ ನಲವತ್ತು ನಿಮಿಷದ ಗುದ್ದಾಟ, ಇನ್ನೊಂದು ಕಡೆ ಬಾಯಿ ತೆರೆದರೆ ತುತ್ತು, ನಕ್ಕರೆ ಚಾಕಲೇಟು. ನಾನಾಗಿದ್ದರೂ ಬಾಯಿ ತೆರೆಯುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಬೈಯುವುದನ್ನೂ ಬಿಟ್ಟಳು. ಫೋನ್ ಕಂಡರೆ ಕತ್ತು ವಾಲಿಸಿ ಮುದ್ದಾಗಿ ನಗುವುದನ್ನು ಕಲಿತಳು.

ಕೊನೆಯ ದಿನ ಅವರೆಲ್ಲ ಸೇರಿ ಅಡುಗೆಮನೆ ತಿಕ್ಕಿದರು. ಹ್ಯಾಟಿನವಳು ಓಡಿ ಬಂದು ನನ್ನ ಕೈಗೆ ಒಂದು ಚಮಚ ಇಟ್ಟಳು. ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದ್ದಳು. ರಬ್ಬರು ಕಿತ್ತು, ಫಳಫಳ ಉಜ್ಜಿ, ರಿಬ್ಬನ್ ಕಟ್ಟಿದ್ದಳು.

"ಇಂಥ ಸೊಟ್ಟ ಚಮಚದಲ್ಲಿ ತಿಂತಿತ್ತಾ ಪಾಪ ಮಗು ಅಂತ ಅತ್ತುಬಿಟ್ಲು ನೋಡು," ಎಂದರು ಮ್ಯಾನೇಜರ್, ತಾವೂ ಕಣ್ಣೊರೆಸಿಕೊಳ್ಳುತ್ತ.

ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ಕೋತಿಯಾದರೂ ಆಮೇಲೆ ಹಲ್ಲು ಕಿರಿದು ಸುಮ್ಮನಾಗುತ್ತದೆ. ಇವರು ಕೆಡಿಸಿದ್ದಕ್ಕೆ ನಾನು ಕೈಮುಗಿಯಬೇಕಿತ್ತು. ಮುಗಿಯಲಿಲ್ಲ. ವ್ಯಾನು ಗೇಟು ದಾಟುವ ಮೊದಲೇ ಸೈಕಲ್ ಅಂಗಡಿಗೆ ಓಡಿದೆ. ಅವನು ಮತ್ತೆ ಬಗ್ಗಿಸಲು ಹೋದ, ಚಮಚ ಕುತ್ತಿಗೆಯಲ್ಲೇ ಮುರಿಯಿತು.

"ಬಡಿದ ಜಾಗ ಅಕ್ಕ, ತಡೆಯಲ್ಲ," ಅಂತ ಇನ್ನೊಂದನ್ನು ಅಂದಾಜಿನ ಮೇಲೆ ಬಗ್ಗಿಸಿಕೊಟ್ಟ.

ಮರುದಿನ ತಂಗಿ ರಜೆ ಹಾಕಿ ಹೆಡ್‌ಮೇಡಂ ಜೊತೆಗೇ ಬಂದಳು. ನಾನು ಗಂಜಿ ಇಟ್ಟು ಚಮಚ ಮೆಣಸಿನ ಕೈಗೆ ಕೊಟ್ಟೆ. ಅವಳು ಒಂದು ಸಲ ಎತ್ತಿದಳು, ಗಂಜಿ ಕೆನ್ನೆಗೆ ಬಡಿಯಿತು. ಚಮಚ ಬಿಟ್ಟಳು. ಹೆಡ್‌ಮೇಡಂ ಕಡೆ ತಿರುಗಿ, ಕತ್ತು ವಾಲಿಸಿ, ಮುದ್ದಾಗಿ ನಕ್ಕು ಬಾಯಿ ತೆರೆದಳು.

"ತಿನ್ನೇ, ನಮ್ಮಮ್ಮ ಅಲ್ವಾ," ಎಂದು ತಂಗಿ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದಳು. ಮೆಣಸು ಬಾಯಿ ಮುಚ್ಚಲಿಲ್ಲ.

ಹೆಡ್‌ಮೇಡಂ ಕೆಟ್ಟವರಲ್ಲ, ಪೂರಾ ಮುಕ್ಕಾಲು ಗಂಟೆ ಕಾದರು. ಆಮೇಲೆ ಬ್ಯಾಗು ಎತ್ತಿಕೊಂಡರು. "ಇನ್ನೊಂದು ಮಗು ಕಾಯ್ತಾ ಇದೆ. ಮುಂದಿನ ವರ್ಷ ನೋಡೋಣ," ಎಂದು ಹೊರಟರು.

ಅವರು ಅತ್ತ ಹೋದರೋ ಇಲ್ಲವೋ, ಮ್ಯಾನೇಜರ್ ಇತ್ತ ಫೋನ್ ಹಿಡಿದು ಬಂದರು. ಹ್ಯಾಟಿನವಳು ಹಾಕಿದ ಫೋಟೋ. ಅವಳ ಕೈತುತ್ತು, ಮೆಣಸಿನ ತೆರೆದ ಬಾಯಿ. ಕೆಳಗೆ ಬರೆದಿದ್ದನ್ನು ಓದಿ ಹೇಳಿದರು: "ಇವಳಿಗೆ ಊಟ ಮಾಡೋದನ್ನ ನಾನು ಕಲಿಸಿದೆ."

ನಾನು ಅವರಿಗೆ ಹೇಳಿದ ಮಾತನ್ನು ಇಲ್ಲಿ ಬರೆಯಲಾಗುವುದಿಲ್ಲ.

ಒಳಗೆ ತಂಗಿ ಅಳುತ್ತಲೇ ಚಮಚ ತುಂಬಿ ಮಗಳ ಬಾಯಿಯ ಹತ್ತಿರ ಒಯ್ದಿದ್ದಳು. ಅವಳ ಕೈ ಹಿಡಿದೆ.

"ಹಸಿದಿದ್ದಾಳೆ ಅಕ್ಕ!"

"ಹಸೀಲಿ. ಕೈಗೆ ಕೊಡು."

"ನಿಂಗೆ ಕರುಳೇ ಇಲ್ವಾ?"

"ಇಲ್ಲ. ಇರೋರೆಲ್ಲ ನಿನ್ನೆ ವ್ಯಾನ್ ಹತ್ತಿ ಹೋದ್ರು."

ಚಮಚವನ್ನು ಮೆಣಸಿನ ಬೆರಳಿಗೆ ಸಿಕ್ಕಿಸಿದೆ. ಅವಳು ನನ್ನನ್ನು ನೋಡಿ ಕತ್ತು ವಾಲಿಸಿ ನಕ್ಕಳು. ನಾನು ನಗಲಿಲ್ಲ. ಬಹಳ ಹೊತ್ತು ನಗಲಿಲ್ಲ. ಕೊನೆಗೆ ಅವಳ ಮುಖ ಕೆಂಪಾಯಿತು, "ಮುದಿ ಗೂಬೆ!" ಎಂದು ಕಿರುಚಿ ಚಮಚವನ್ನು ನನ್ನ ಮುಖಕ್ಕೇ ಬೀಸಿದಳು. ಒಂದು ವಾರದ ಮೇಲೆ ಮೊದಲ ಬೈಗುಳ. ನಾನು ಚಮಚ ಎತ್ತಿ ತೊಳೆದು ಮತ್ತೆ ಅವಳ ಕೈಗಿಟ್ಟೆ.