ಹಿಗ್ಗಿ ಕುಗ್ಗುವ ಮಂಚ

ನನ್ನ ಗಂಡ ತಿಯೆಪ್ ಕೈಯಿಟ್ಟ ಯಾವ ಸಾಮಾನೂ ಇದ್ದ ಹಾಗೆ ಇರುವುದಿಲ್ಲ. ಒಂದೋ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ, ಅದೂ ಬೇಡದ ಹೊತ್ತಿಗೆ. ಸೈಗಾನಿನ ನಾಲ್ಕನೇ ಜಿಲ್ಲೆಯ ನಮ್ಮ ಗಲ್ಲಿಯಲ್ಲಿ ಎಲ್ಲರ ಮನೆಯೂ ಇಕ್ಕಟ್ಟೇ. ಬೇರೆಯವರು ಹೊಂದಿಕೊಂಡು ಬದುಕುತ್ತಾರೆ. ಇವರಿಂದ ಮಾತ್ರ ಸುಮ್ಮನಿರಲು ಆಗದು. ಹಗಲೆಲ್ಲ ಬಾಡಿಗೆಗೆ ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಊರು ಸುತ್ತಿ ಬರುತ್ತಾರೆ, ಊಟವಾಗುತ್ತಲೇ ಸ್ಪ್ಯಾನರ್ ಹಿಡಿದು ಕೂರುತ್ತಾರೆ.

ಹಿಡಿ ತಿರುಗಿಸಿದರೆ ಉದ್ದವಾಗುವ ಮೇಜೊಂದನ್ನು ಮಾಡಿದ್ದರು. ನಮ್ಮತ್ತೆಯ ತಿಥಿಯ ದಿನ ಬಂಧುಗಳೆಲ್ಲ ಅದರ ಸುತ್ತ ಕೂತು ಉಣ್ಣುವಾಗ ಒಳಗಿನ ಸ್ಪ್ರಿಂಗ್ ಕಳಚಿಕೊಂಡಿತು. ಮೇಜು ತಾನೇ ತಾನಾಗಿ ಬೆಳೆಯುತ್ತ ಹೋಗಿ, ಬಾಗಿಲ ಬಳಿ ಕೂತಿದ್ದ ದೊಡ್ಡಪ್ಪನನ್ನು ಸ್ಟೂಲಿನ ಸಮೇತ ಗಲ್ಲಿಗೆ ತಳ್ಳಿತು. ಪುಣ್ಯಾತ್ಮ ಬಟ್ಟಲು ಬಿಡಲಿಲ್ಲ, ಅಲ್ಲೇ ಕೂತು ಊಟ ಮುಗಿಸಿದ. ಇನ್ನೊಂದು, ಊಟದ ಮೇಲೆ ಮುಚ್ಚುವ ಜಾಲರಿ ಮುಚ್ಚಳ. ಕೊಡೆಯ ಹಾಗೆ ಬಿಡಿಸಿದರೆ ಅದೇ ಸೊಳ್ಳೆಪರದೆ. ಅದರೊಳಗೆ ಮಲಗಿದರೆ ಸೊಳ್ಳೆ ಬರುವುದಿಲ್ಲ, ಮೀನಿನ ವಾಸನೆಗೆ ಇರುವೆ ಬರುತ್ತದೆ.

ಇವೆಲ್ಲ ಹೋಗಲಿ. ನನ್ನ ನಿತ್ಯದ ಗೋಳು ಅಂದರೆ ಮಂಚ. ಹಗಲಲ್ಲಿ ಎಳೆದರೆ ಅದು ಉದ್ದವಾಗುತ್ತದೆ, ಆಗ ಮಲಗಲು ಯಾರಿಗೆ ಪುರುಸೊತ್ತು? ಸಂಜೆ ಬೈಕು ಮನೆಯೊಳಗೆ ಬರಲೇಬೇಕು. ಗಲ್ಲಿಯಲ್ಲಿ ಬಿಟ್ಟರೆ ಬೆಳಗ್ಗೆ ಕೀಲಿಕೈ ಮಾತ್ರ ನಮ್ಮ ಪಾಲಿಗೆ. ಹಾಗಾಗಿ ಸಂಜೆ ಮಂಚವನ್ನು ಒತ್ತಿ ಕುಗ್ಗಿಸುತ್ತೇವೆ. ಚಕ್ರದ ಪಕ್ಕ ಚಾಪೆ ಹಾಸಿ ಇವರು, ಮಂಚದ ಮೇಲೆ ಮಂಡಿ ಮಡಿಚಿಕೊಂಡು ನಾನು. ಬೆಳಕು ಹರಿಯುವ ಮುಂಚೆ ಎದ್ದು ಅಂಟಕ್ಕಿಯ ಅನ್ನ ಬೇಯಿಸಿ ಗಲ್ಲಿಯ ಬಾಯಲ್ಲಿ ಮಾರುವವಳು ನಾನು. ಸಂಜೆಯ ಹೊತ್ತಿಗೆ ಕಾಲುಗಳು ನನ್ನವಾಗಿ ಉಳಿದಿರುವುದಿಲ್ಲ. ಅವನ್ನು ಚಾಚಿ ಮಲಗಬೇಕು ಎಂಬ ಆಸೆಯನ್ನು ಬಾಯಿಬಿಟ್ಟು ಹೇಳಲೂ ನನಗೆ ಬೇಜಾರು.

ಹೀಗಿರುವಾಗ ಮಗಳು ಲುವಾ ಗಂಡುಮಗು ಹೆತ್ತಳು. ಚೊಚ್ಚಲ ಬಾಣಂತನ ತಾಯಿಯ ಮನೆಯಲ್ಲಿ, ನಮ್ಮ ಪದ್ಧತಿ. ಆದರೆ ಬೀಗಿತ್ತಿಗೆ ನಮ್ಮ ಮನೆ ಅಂದರೆ ಅಷ್ಟಕ್ಕಷ್ಟೇ. ಲುವಾ ಆಸ್ಪತ್ರೆಯಿಂದ ಫೋನ್ ಮಾಡಿ ಅತ್ತಳು.

"ಅಮ್ಮ, ಅತ್ತೆ ಅವರ ಮನೆಗೇ ಕರ್ಕೊಂಡು ಹೋಗ್ತಾರಂತೆ. ಅಲ್ಲಿ ಮಗು ಅತ್ರೂ ನನ್ನೇ ಬಯ್ತಾರೆ. ನಂಗೆ ನಿನ್ ಹತ್ರ ಮಲಗ್ಬೇಕು."

"ಇಲ್ಲಿಗೇ ಬಾ. ಜಾಗ ಮಾಡ್ತೀವಿ," ಎಂದೆ. ಎಲ್ಲಿಂದ ಮಾಡುವುದೋ ನನಗೂ ಗೊತ್ತಿರಲಿಲ್ಲ.

ಮನೆ ನೋಡಿಯೇ ಒಪ್ಪುವುದು ಎಂದು ಸಂಜೆ ಬೀಗಿತ್ತಿಯೇ ಲುವಾಳನ್ನೂ ಮಗುವನ್ನೂ ಕರೆತಂದಳು. ಚಪ್ಪಲಿ ಬಿಟ್ಟವಳೇ ಚೀಲದಿಂದ ಬಡಗಿಯ ಟೇಪು ತೆಗೆದಳು. ಉದ್ದಕ್ಕೂ ಕೆಂಪು, ಕಪ್ಪು ಚೌಕಗಳಿದ್ದು, ಒಂದೊಂದರಲ್ಲೂ ಒಂದು ಶಕುನ ಬರೆದಿರುವ ಟೇಪು. ಕೆಂಪಿಗೆ ನಿಂತ ಅಳತೆ ಒಳ್ಳೆಯದು, ಕಪ್ಪಿಗೆ ನಿಂತದ್ದು ಕೇಡು. ಬಾಗಿಲು, ಮಂಚ, ತೀರಿಕೊಂಡ ಹಿರಿಯರನ್ನು ಪೂಜಿಸುವ ಪೀಠ, ನಮ್ಮಲ್ಲಿ ಅದಿಲ್ಲದೆ ಯಾವುದನ್ನೂ ಮಾಡುವುದಿಲ್ಲ. ಬೈಕು ಆಗಲೇ ಒಳಗೆ ಬಂದಿತ್ತು, ಮಂಚ ಕುಗ್ಗಿತ್ತು. ಅವಳು ಟೇಪು ಹಿಡಿದು ಓದಿದಳು.

"ಕಪ್ಪು. ಅಗಲಿಕೆ ಅಂತ ಬರೆದಿದೆ. ಇದರ ಮೇಲಾ ನನ್ನ ಮೊಮ್ಮಗನ್ನ ಮಲಗಿಸೋದು?"

"ಎಳೆದ್ರೆ ಕೆಂಪಿಗೆ ಬರತ್ತೆ ಬೀಗಿತ್ತಿ. ನಾನೇ ಅಳೆದು ಮಾಡಿದೀನಿ," ಎಂದರು ಇವರು.

"ಕುಗ್ಗಿಸಿ ಯಾಕೆ ಅಳೀಲಿಲ್ಲ?"

"ಕುಗ್ಗಿದ್ಮೇಲೆ ಅದು ಮಂಚ ಅಲ್ವಲ್ಲ, ಬೆಂಚು."

"ಓಹೋ. ಆ ಬೆಂಚಿನ ಮೇಲೆ ನಿಮ್ಮ ಹೆಂಡ್ತಿನ ಎಷ್ಟು ವರ್ಷದಿಂದ ಮಲಗಿಸ್ತಿದೀರ?"

ಇವರು ನನ್ನ ಕಡೆ ನೋಡಿದರು. ನಾನು ಮಗುವಿನ ಬಟ್ಟೆ ಮಡಿಸುತ್ತಿದ್ದೆ, ತಲೆ ಎತ್ತಲಿಲ್ಲ. ಎತ್ತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಇವರು ಬೈಕನ್ನು ಗಲ್ಲಿಗೆ ತಳ್ಳಿ, ಚಾಪೆ ಸುತ್ತಿಟ್ಟು, ಮಂಚವನ್ನು ಕೊನೆಯವರೆಗೂ ಎಳೆದರು. ಬೀಗಿತ್ತಿ ಮತ್ತೆ ಅಳೆದಳು. ಕೆಂಪೇ ಬಂತು. ಆದರೂ ಅವಳ ಮುಖ ಸಡಿಲಾಗಲಿಲ್ಲ.

"ಈಗ ಕೆಂಪು, ಬೈಕ್ ಒಳಗೆ ಬಂದ್ರೆ ಕಪ್ಪು. ಹಸುಗೂಸಿಗೆ ಇಂಥ ಆಟ ಬೇಡ. ಲುವಾ, ಏಳು, ಹೋಗೋಣ."

ಲುವಾ ಮಗುವನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡಿದಳು.

ಆಗ ಇವರು ಸುತ್ತಿಗೆ ತಂದರು. ಮಂಚದಡಿ ತೂರಿಕೊಂಡು, ಒಂದರೊಳಗೊಂದು ಜಾರುವ ಕಬ್ಬಿಣದ ಕೊಳವೆಗಳನ್ನು ಬಡಿದು ಚಪ್ಪಟೆ ಮಾಡತೊಡಗಿದರು. ಎಷ್ಟೋ ಸಂಜೆ ಕೂತು ಉಜ್ಜಿ ನುಣುಪು ಮಾಡಿದ್ದ ಕೊಳವೆಗಳು ಅವು. ಸದ್ದಿಗೆ ಮಗು ಎಚ್ಚರವಾಗಿ ಚೀರಿತು, ಪಕ್ಕದ ಮನೆಯವರು ಇಣುಕಿದರು. ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು ಹೇಳಿದರು: "ಇನ್ನು ಇದು ಹಿಗ್ಗಲ್ಲ, ಕುಗ್ಗಲ್ಲ. ಅಲ್ಲಾಡಿಸಿ ನೋಡಿ."

ಬೀಗಿತ್ತಿ ಎರಡೂ ಕೈಯಿಂದ ದಬ್ಬಿ ನೋಡಿದಳು. ಟೇಪನ್ನು ಚೀಲಕ್ಕೆ ಹಾಕಿ ಮಂಚದ ಅಂಚಿನಲ್ಲಿ ಕೂತಳು. "ಚಹಾ ಏನಾದ್ರೂ ಇದೆಯಾ?" ಎಂದು ಕೇಳಿದಳು. ಲುವಾ ಮಗುವನ್ನು ಮಂಚದ ಮೇಲೆ ಮಲಗಿಸಿದಳು.

ಬೀಗಿತ್ತಿ ಹೋದ ಮೇಲೆ ಕೇಳಿದೆ, "ರೀ, ಬೈಕು?"

"ನೋಡ್ಕೋತೀನಿ. ನೀನು ಮಲ್ಕೋ."

ಗೋಡೆಯ ಪಕ್ಕ ಮಗು, ನಡುವೆ ಲುವಾ, ಈಚೆ ನಾನು. ಮೆಲ್ಲಗೆ ಕಾಲು ಚಾಚಿದೆ. ಹಿಮ್ಮಡಿ ಸರಿಯಾಗಿ ಮಂಚದ ಅಂಚಿಗೆ ಮುಟ್ಟಿ ನಿಂತಿತು. ಇವರು ಕೆಂಪಿಗೆ ಅಳೆದದ್ದು ನನ್ನ ಉದ್ದವನ್ನೇ ಎಂದು ಆಗ ಗೊತ್ತಾಯಿತು. ಎಚ್ಚರವಿದ್ದು ಬೈಯಬೇಕು ಅಂದುಕೊಂಡಿದ್ದೆ, ಹಾಳಾದ ನಿದ್ದೆ ಬಂದುಬಿಟ್ಟಿತು.

ನಸುಕಿನಲ್ಲಿ ಅಕ್ಕಿ ಬೇಯಿಸಲು ಎದ್ದು ಬಾಗಿಲು ತೆಗೆದೆ. ಇವರು ಬೈಕಿನ ಸೀಟಿನ ಮೇಲೆ ಅಂಗಾತ ಮಲಗಿದ್ದರು. ಕಾಲು ಹ್ಯಾಂಡಲ್ ಮೇಲೆ, ಕಾಲಿಗೂ ಚಕ್ರಕ್ಕೂ ಸೇರಿಸಿ ಬಿಗಿದ ಸರಪಳಿ, ಮುಖದ ಮೇಲೆ ಊಟದ ಜಾಲರಿ ಮುಚ್ಚಳ. ಅದನ್ನು ಪೂರ್ತಿ ಬಿಡಿಸಲು ಗಲ್ಲಿಯಲ್ಲಿ ಜಾಗವಿರಲಿಲ್ಲ. ಕೈಯೆಲ್ಲ ಸೊಳ್ಳೆ ಕಚ್ಚಿ ದದ್ದು ಎದ್ದಿತ್ತು.

ಮುಚ್ಚಳದೊಳಗಿಂದಲೇ ಕೇಳಿದರು, "ಕಾಲು ಚಾಚಿದ್ಯಾ?"

"ಹೂಂ."

"ಹೇಗಿತ್ತು?"

ನನಗೆ ಅಳು ಬಂತು. ಇಷ್ಟು ವರ್ಷ ಈ ಮನುಷ್ಯನ ಮೇಲೆ ಕೂಡಿಟ್ಟ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ಎದ್ದು ಒಳಗೆ ಹೋಗಿ. ನನ್ನ ಜಾಗ ಇನ್ನೂ ಬೆಚ್ಚಗಿದೆ. ಬೈಕ್ ನಾನು ಕಾಯ್ತೀನಿ."

ಸರಪಳಿ ಬಿಚ್ಚಿ, ಕುಂಟುತ್ತ ಒಳಗೆ ಹೋದರು. ಒಲೆಯನ್ನು ಬೈಕಿನ ಪಕ್ಕಕ್ಕೇ ತಂದು ಅಕ್ಕಿ ಇಟ್ಟೆ. ಬಾಗಿಲಿಂದ ಒಳಗೆ ನೋಡಿದರೆ, ಇವರ ಎರಡೂ ಪಾದ ಮಂಚದ ಅಂಚು ದಾಟಿ ಗಾಳಿಯಲ್ಲಿ ನಿಂತಿದ್ದವು.