ಹಿತ್ತಾಳೆ ಫಲಕದಲ್ಲಿ ನನ್ನ ಹೆಸರು

ಕಾಲೇಜು ಹುಡುಗಿಯರು ಅಕ್ಕತಂಗಿಯರ ಸಂಘ ಕಟ್ಟಿಕೊಂಡು ಒಟ್ಟಿಗಿರುವ ನಮ್ಮ ಸೊರೋರಿಟಿ ಮನೆಯ ಮುಂಬಾಗಿಲ ಪಕ್ಕ ಒಂದು ಹಿತ್ತಾಳೆ ಫಲಕವಿದೆ. 'ಈ ಸೂರು ವರ್ಲೀನ್ ಟ್ಯಾಗರ್ಟ್ ಅವರ ಪ್ರೀತಿಯ ಕೊಡುಗೆ' ಎಂದು ಅದರಲ್ಲಿ ಕೊರೆದಿದೆ. ವರ್ಲೀನ್ ಟ್ಯಾಗರ್ಟ್ ಅಂದರೆ ನಾನೇ. ಆ ಸೂರಿನ ಒಂದು ಮೊಳೆಗೂ ನಾನು ಕಾಸು ಕೊಟ್ಟವಳಲ್ಲ. ಆದರೂ ಪ್ರತಿ ವರ್ಷ ಹಳೆಯ ವಿದ್ಯಾರ್ಥಿನಿಯರ ಊಟದ ದಿನ ಹುಡುಗಿಯರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಕಾಲೇಜು ಬಿಟ್ಟು ಇಷ್ಟು ಕಾಲವಾದರೂ ಈ ಮನೆಗೆ ಯಾಕೆ ಕೊಡುತ್ತೀರಿ ಎಂದು ಮೈಕು ಹಿಡಿಯುತ್ತಾರೆ. ನಾನು ಅಕ್ಕತಂಗಿಯರ ಬಾಂಧವ್ಯ, ಋಣ ಅಂತ ನಾಲ್ಕು ಮಾತಾಡಿ ಕೂರುತ್ತೇನೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಚಪ್ಪಾಳೆ ಮಾತ್ರ ನನಗೆ.

ದುಡ್ಡು ನೆಲ್ಡಾಳದು. ಓದುವಾಗ ಈ ಮನೆಯ ಮಹಡಿಯಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು, ಮದುವೆಯಾಗಿ ಇದೇ ಊರಲ್ಲಿ ಉಳಿದೆವು. ಅವಳ ಗಂಡ ಸಾಯುವಾಗ ಮರದ ಮಿಲ್ಲು ಬಿಟ್ಟುಹೋದ, ನನ್ನ ಗಂಡ ಮೀನು ಹಿಡಿಯುವ ದೋಣಿ ಬಿಟ್ಟುಹೋದ. ಹಾಗಾಗಿ ಈ ಮನೆಗೆ ಅವಳು ದುಡ್ಡು ಕೊಡುತ್ತಾಳೆ, ನಾನು ಸಲಹೆ ಕೊಡುತ್ತೇನೆ. ಹಜಾರದ ದೀಪದ ಗೊಂಚಲು ಅವಳು ಕೊಟ್ಟದ್ದು, ಯಾರೂ ನುಡಿಸದ ಪಿಯಾನೊ ಅವಳು ಕೊಟ್ಟದ್ದು.

ಅದು ಹೋಗಲಿ. ತನ್ನ ಮನೆಯಲ್ಲಿ ಉಂಡ ತಟ್ಟೆ ಎತ್ತಿಡದ ಈ ಮಹಾರಾಯ್ತಿ, ಆಗಸ್ಟ್ ತಿಂಗಳಲ್ಲಿ ಹೊಸ ಹುಡುಗಿಯರನ್ನು ಆರಿಸುವ ವಾರ ಬಂತೆಂದರೆ ಏಪ್ರನ್ ಕಟ್ಟಿಕೊಂಡು ಇಲ್ಲಿಯ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾಳೆ. ಆ ವಾರ ನಮ್ಮಂಥ ಹಳಬರು ಹೊಸ ಹುಡುಗಿಯರ ಕಣ್ಣಿಗೆ ಬೀಳಕೂಡದು, ಅವರೊಡನೆ ಮಾತಾಡಕೂಡದು. ಆಡಿದರೆ ಮನೆಗೆ ದಂಡ. ಹಜಾರದಲ್ಲಿ ಹಾಡು, ಕುಣಿತ, ನಗು. ಒಳಗೆ ಅಲಬಾಮಾದ ಸೆಖೆಯಲ್ಲಿ ಮುದುಕಿಯರು ನಾವು, ನಮ್ಮ ಐಸಿನ ಗಡ್ಡೆ, ಲಿಪ್‌ಸ್ಟಿಕ್ ಮೆತ್ತಿದ ಲೋಟಗಳು.

ಈ ಸೂರು ಬಂದ ವರ್ಷ ನೆಲ್ಡಾಳ ಮೊಮ್ಮಗಳು ಹ್ಯಾಡ್ಲಿ ಕಾಲೇಜು ಸೇರಿ, ಆಯ್ಕೆಗೆ ಬಂದಳು. ನೆಲ್ಡಾಳಿಗೆ ಇದ್ದವರೆಲ್ಲ ಗಂಡುಮಕ್ಕಳು. ವಂಶದಲ್ಲಿ ಹೆಣ್ಣೆಂದು ಹುಟ್ಟಿದ್ದು ಇದೊಂದೇ, ಅಜ್ಜಿಯನ್ನು ಮೀಮಾ ಮೀಮಾ ಎನ್ನುತ್ತ ಸೆರಗು ಹಿಡಿದೇ ಬೆಳೆದದ್ದು. ಮನೆಗೆ ಸೇರುವ ದಿನ ತಾಯಿಯೋ ಅಜ್ಜಿಯೋ ಇಲ್ಲಿಯವಳೇ ಆಗಿದ್ದರೆ ತನ್ನ ಸದಸ್ಯತ್ವದ ಪಿನ್ನನ್ನು ಹುಡುಗಿಯ ಅಂಗಿಗೆ ಚುಚ್ಚುವುದು ನಮ್ಮಲ್ಲಿ ಪದ್ಧತಿ. ನೆಲ್ಡಾ ತನ್ನ ಮುತ್ತಿನ ಪಿನ್ನಿಗೆ ಹೊಳಪು ಕೊಡಿಸಿ ಏಪ್ರನ್ ಜೇಬಿನಲ್ಲೇ ಇಟ್ಟುಕೊಂಡಿದ್ದಳು. ಆ ದಿನಕ್ಕಾಗಿಯೇ ಬದುಕಿದ್ದೇನೆ ಎನ್ನುತ್ತಿದ್ದಳು. ಬಾಗಿಲಿನ ಸಣ್ಣ ಗಾಜಿಗೆ ಮೂಗು ಒತ್ತಿ ಹಜಾರವನ್ನೇ ನೋಡುವಳು, ಹ್ಯಾಡ್ಲಿ ನಕ್ಕರೆ ನನ್ನ ಪಕ್ಕೆಗೆ ತಿವಿಯುವಳು. ಆ ವರ್ಷ ಮನೆಯ ಸೂರು ಸೋರುತ್ತಿತ್ತು. ಪಿನ್ನು ಚುಚ್ಚಿದ ದಿನವೇ ಹೊಸ ಸೂರಿನ ಚೆಕ್ಕು ಕೊಡುತ್ತೇನೆ ಎಂದಿದ್ದಳು.

ಮೂರನೆಯ ದಿನ ಹುಡುಗಿಯರು ಬಾಗಿಲು ಹಾಕಿಕೊಂಡು ಮತ ಹಾಕಿದರು. ಸಲಹೆಗಾರ್ತಿಯಾದ್ದರಿಂದ ನಾನೂ ಅಲ್ಲಿದ್ದೆ. ಬಾಯಿ ಬಿಡುವ ಹಕ್ಕು ನನಗಿರಲಿಲ್ಲ. ಅವರು ಹ್ಯಾಡ್ಲಿಯ ಹೆಸರನ್ನು ಕೈಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಮುಗಿದ ಮೇಲೆ ಅಧ್ಯಕ್ಷೆ ಮಾರ್ಲೋಳನ್ನು ಪಕ್ಕಕ್ಕೆಳೆದು, ನಿನ್ನ ತಲೆಯ ಮೇಲಿನ ದೀಪ ಯಾರು ಕೊಟ್ಟದ್ದು ಗೊತ್ತೇನೇ, ಉಪಕಾರ ಸ್ಮರಣೆ ಬೇಡವೇನೇ ಎಂದು ಬೈದೆ.

"ಹ್ಯಾಡ್ಲಿನೇ ಕೇಳ್ಕೊಂಡಿದ್ದು, ಮಿಸ್ ವರ್ಲೀನ್," ಎಂದಳು ಮಾರ್ಲೋ ತಗ್ಗಿದ ದನಿಯಲ್ಲಿ. "ಅವಳಿಗೆ ಎದುರಿನ ಸೊರೋರಿಟಿ ಮನೆ ಇಷ್ಟವಂತೆ. 'ನಾನೇ ಬೇಡ ಅಂದ್ರೆ ಮೀಮಾ ಎದೆ ಒಡ್ಕೋತಾರೆ, ನೀವು ಬೇಡ ಅಂದ್ರೆ ನಿಮ್ಮ ಮೇಲೆ ಸಿಟ್ಟು ಮಾಡ್ಕೋತಾರೆ ಅಷ್ಟೇ, ದಯವಿಟ್ಟು ನನ್ನ ಬಿಟ್ಬಿಡಿ' ಅಂದ್ಳು. ಮತದ ಮಾತು ಈ ಕೋಣೆ ದಾಟಬಾರ್ದು, ನಿಮಗೇ ಗೊತ್ತಲ್ಲ."

ಇನ್ನೊಂದು ನಿಯಮವೂ ನನಗೆ ಗೊತ್ತಿತ್ತು. ಹಳಬರ ಮಗಳನ್ನೋ ಮೊಮ್ಮಗಳನ್ನೋ ಕೈಬಿಟ್ಟರೆ, ಹುಡುಗಿಗೆ ತಿಳಿಯುವ ಮೊದಲೇ ಸಲಹೆಗಾರ್ತಿ ಆ ಹಳಬಳಿಗೆ ಫೋನು ಮಾಡಿ ಹೇಳಬೇಕು. ಹಿಂದೊಮ್ಮೆ ಒಬ್ಬ ತಾಯಿ ರೇಗಿ ಬಂದು, ತಾನು ಕೊಟ್ಟ ಪರದೆಗಳನ್ನು ಕಿತ್ತುಕೊಂಡು ಹೋದ ಮೇಲೆ ಆದ ಏರ್ಪಾಡು ಅದು. ಹೇಳಬೇಕಾದ ಮಾತನ್ನೂ ಪದ ಬಿಡದೆ ಗೊತ್ತುಮಾಡಿದ್ದರು. ಆ ಮಾತು ಬರೆದುಕೊಟ್ಟವಳು ನೆಲ್ಡಾ.

ಅಡುಗೆಮನೆಗೆ ಬಂದರೆ ಅವಳು ಲೋಟ ಒರೆಸುತ್ತ ಏನೋ ಗುನುಗುತ್ತಿದ್ದಳು. ಮುಖ ನೋಡಿ ಹೇಳುವ ಧೈರ್ಯ ನನಗಾಗಲಿಲ್ಲ. ಉಗ್ರಾಣಕ್ಕೆ ಹೋಗಿ ಬಾಗಿಲೆಳೆದುಕೊಂಡು, ಹಿಟ್ಟಿನ ಚೀಲಗಳ ನಡುವೆ ನಿಂತು ಫೋನು ಮಾಡಿದೆ. ಆಚೆ ಅವಳ ಏಪ್ರನ್ ಜೇಬು ಗುಂಯ್‌ಗುಟ್ಟಿತು.

"ಇಲ್ಲೇ ಸತ್ತಿದೀನಲ್ಲೇ, ಫೋನ್ಯಾಕೆ?" ಎಂದವಳು ಥಟ್ಟನೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

ನಾನು ಒಪ್ಪಿಸಿದೆ. ನಿಮ್ಮ ಹುಡುಗಿ ನಮಗೆಲ್ಲ ಪ್ರಿಯಳು, ಆದರೆ ಅವಳ ಜಾಗ ಬೇರೆ ಕಡೆ ಇದೆಯೆಂದು ಮನೆಗೆ ತೋರಿದೆ, ಇಂದು ಅವಳಿಗೆ ನಿಮ್ಮ ಆಸರೆ ಬೇಕು. ಅಲ್ಲಿಗೆ ನಿಲ್ಲಿಸಿದೆ. ಫೋನಿನಲ್ಲೂ ಬಾಗಿಲ ಆಚೆಯೂ ಒಂದೇ ಉಸಿರು ಕೇಳಿಸುತ್ತಿತ್ತು.

"ಒಂದು ಸಾಲು ನುಂಗ್ಬಿಟ್ಟೆ," ಎಂದಳು ನೆಲ್ಡಾ. "ಮನೆಯ ಮೇಲಿನ ನಿಮ್ಮ ಪ್ರೀತಿ, ಕೊಡುಗೆ ಹೀಗೇ ಮುಂದುವರಿಯಲಿ ಅಂತ ಇದೆ. ಅದನ್ನೂ ಹೇಳು."

ಹೇಳಿದೆ. ಹೇಳುವಾಗ ನನಗೇ ಅಳು ಬಂತು. ಹೊರಗೆ ಬರುವಷ್ಟರಲ್ಲಿ ಏಪ್ರನ್ ಗೂಟದಲ್ಲಿತ್ತು, ಅವಳಿರಲಿಲ್ಲ. ಇನ್ನು ಆ ಮನೆಗೆ ಒಂದು ಮೊಳೆ ಕೊಟ್ಟರೆ ನನ್ನ ಹೆಸರು ನೆಲ್ಡಾ ಅಲ್ಲ ಎಂದು ಬ್ಯೂಟಿ ಪಾರ್ಲರಿನಲ್ಲಿ ಶಪಥ ಮಾಡಿದಳೆಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು.

ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಅವಳು ಸಿಂಕಿನ ಮುಂದೆ ನಿಂತಿದ್ದಳು. ಹಿತ್ತಿಲ ಬಾಗಿಲಿಂದ ಬಂದಿದ್ದಳಂತೆ.

"ನಿನ್ನೆ ಹ್ಯಾಡ್ಲಿ ಫೋನ್ ಮಾಡಿದ್ಳು," ಎಂದಳು ತಿರುಗದೆಯೇ. "ಬಿಕ್ಕಿ ಬಿಕ್ಕಿ ಅತ್ಳು. ಕೈ ಮುರ್ಕೊಂಡಾಗ್ಲೂ ಅಳದೆ ಡಾಕ್ಟ್ರನ್ನ ಬೈದಿದ್ದ ಹುಡುಗಿ ಕಣೇ ಅದು. ನನ್ನ ಹಾಗೇ, ಕಣ್ಣಲ್ಲಿ ನೀರೇ ಇಲ್ಲ. ಅವಳೇ ಬೇಡ ಅಂದಿದ್ದು, ಅಲ್ವಾ?"

ನಾನು ಐಸಿನ ಡಬ್ಬಿಯನ್ನೇ ನೋಡಿದೆ. ಮತದ ಮಾತು ನಾನು ಆಡಲಿಲ್ಲ. ಹಾಳು ಮುಖ ಆಡಿತು.

"ನಂಗೆ ನೋವಾಗ್ಬಾರ್ದು ಅಂತ ಅಷ್ಟು ಕಷ್ಟಪಟ್ಟು ಅತ್ತಿದೆ ಮಗು," ಎಂದಳು. "ನಂಗೆ ತಿಳೀತು ಅಂತ ಅವಳಿಗೆ ತಿಳೀಬಾರ್ದು. ನಾನು ಈ ಮನೆ ಮೇಲೆ ಮುನಿಸ್ಕೊಂಡೇ ಇರ್ಬೇಕು. ಸೂರು ನಿನ್ನ ಹೆಸರಲ್ಲಿ ಹಾಕ್ಸು."

ಮೀನು ದೋಣಿಯವನ ಹೆಂಡತಿ ಸೂರು ಕೊಟ್ಟಳೆಂದರೆ ಜನ ನಗುತ್ತಾರೆ ಎಂದೆ. ನಗಲಿ ಬಿಡು, ಮುದುಕಿಗೊಬ್ಬ ಗುಟ್ಟಿನ ಗೆಳೆಯ ಸಿಕ್ಕಿದ್ದಾನೆ ಅಂದುಕೊಳ್ಳುತ್ತಾರೆ ಎಂದಳು. ಹಾಗೇ ಅಂದುಕೊಂಡರು ಕೂಡ. ಆ ವಾರದ ಕೊನೆಗೆ ಹೊಸ ಹುಡುಗಿಯರು ತಮ್ಮನ್ನು ಆರಿಸಿಕೊಂಡ ಸೊರೋರಿಟಿ ಮನೆಗೆ ಓಡುವ ದಿನ, ಹ್ಯಾಡ್ಲಿ ಎದುರು ಮನೆಯ ಅಂಗಳದಲ್ಲಿ ಕುಣಿಯುವುದನ್ನು ನೆಲ್ಡಾ ಅಡುಗೆಮನೆಯ ಕಿಟಕಿಯ ಪರದೆ ಸಂದಿನಿಂದ ನೋಡಿದಳು. ಪಿನ್ನು ಜೇಬಿನಲ್ಲೇ ಉಳಿಯಿತು.

ಅಂದಿನಿಂದ ಪ್ರತಿ ಆಗಸ್ಟ್‌ನಲ್ಲೂ ಅವಳು ಊರ ಕಣ್ಣಿಗೆ ಮುನಿದವಳು, ಹಿತ್ತಿಲಿಂದ ಬಂದು ಲೋಟ ತೊಳೆಯುವವಳು. ಅಡುಗೆಮನೆಯೊಳಗೆ ಯಾವ ಮುದುಕಿ ಇದ್ದಾಳೆಂದು ಯಾರು ನೋಡುತ್ತಾರೆ? ನಾನು ಹಾಗಂದುಕೊಂಡಿದ್ದೆ.

ಹ್ಯಾಡ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ನನ್ನ ಮನೆಗೆ ಬಂದಳು. ನಾನು ಕೊಟ್ಟ ಪೀಕನ್ ಬೀಜದ ಪೈ ತಿಂದು ಮುಗಿಸಿ ತಟ್ಟೆ ಬದಿಗಿಟ್ಟಳು.

"ಮೀಮಾ ಈಗ್ಲೂ ಅಲ್ಲಿಗೆ ಕದ್ದು ಬರ್ತಾರೆ ಅಲ್ವಾ?" ಎಂದಳು ಆಮೇಲೆ. "ಎದುರಿನ ನಮ್ಮ ಸೊರೋರಿಟಿ ಮಾಳಿಗೆಯಿಂದ ಎಲ್ಲಾ ಕಾಣ್ಸತ್ತೆ. ಅವರ ಬೆರಳ ಗಂಟು ಹೇಗೆ ಊದಿದೆ ನೋಡಿದ್ರಾ? ಪಾತ್ರೆ ತೊಳೆಯೋ ಒಂದು ಒಳ್ಳೆ ಮಷೀನ್ ಹಾಕ್ಸಿ, ದುಡ್ಡು ನಾನು ಕೊಡ್ತೀನಿ. ನನ್ನ ಹೆಸರು ಬೇಡ. ನಿನ್ನ ಬೇಡ ಅಂದ ಮನೆಗೆ ನೀನ್ಯಾಕೆ ಕೊಟ್ಟೆ ಅಂತ ಕೇಳ್ತಾರೆ, ನಂಗೆ ಸುಳ್ಳು ಹೇಳಕ್ಕೆ ಬರಲ್ಲ. ನಿಮ್ಮ ಹೆಸರು ಹಾಕ್ಕೊಳಿ."

ಸುಳ್ಳು ಹೇಳಲು ಬರುವುದಿಲ್ಲವಂತೆ! ಹಾಕಿಕೊಂಡೆ. ಈಗ ಅಡುಗೆಮನೆಯ ಗೋಡೆಯಲ್ಲೂ ನನ್ನದೊಂದು ಫಲಕ.

ಆ ಆಗಸ್ಟ್‌ನಲ್ಲಿ ಹಿತ್ತಿಲಿಂದ ಬಂದ ನೆಲ್ಡಾ ಮಷೀನು ನೋಡಿ ಕೆಂಡವಾದಳು. ಇನ್ನು ನಾನಿಲ್ಲಿ ನೊಣ ಹೊಡೆಯಬೇಕೇ ಎಂದಳು. ಕೊಡುವವರು ಮೊದಲು ಏನು ಬೇಕೆಂದು ಕೇಳಿ ಕೊಡಬೇಕು ಎಂದಳು, ಪಿಯಾನೊ ಕೊಟ್ಟ ಪುಣ್ಯಾತ್ಗಿತ್ತಿ. ದಾನ ಬಂದ ಹಸುವಿನ ಹಲ್ಲು ಎಣಿಸಬೇಡ ಎಂದೆ ನಾನು.

"ನಿನ್ನ ಹತ್ರ ಇಷ್ಟು ದುಡ್ಡು ಎಲ್ಲಿಂದ ಬಂತೇ?"

"ಗುಟ್ಟಿನ ಗೆಳೆಯ ಕೊಟ್ಟ."

ಅವಳು ನನ್ನ ಮುಖವನ್ನೇ ನೋಡಿದಳು. ಈ ಮುಖ ಎಂದಾದರೂ ಗುಟ್ಟು ಉಳಿಸಿದ್ದುಂಟೇ? ಆಮೇಲೆ ಕಿಟಕಿಯಾಚೆ ಎದುರು ಮನೆಯ ಮಾಳಿಗೆ ನೋಡಿದಳು, ತನ್ನ ಬೆರಳ ಗಂಟುಗಳನ್ನು ನೋಡಿಕೊಂಡಳು. ಒಂದೇ ಒಂದು ಲೋಟವನ್ನು ಮಷೀನಿನೊಳಗಿಟ್ಟು ಬಾಗಿಲು ಮುಚ್ಚಿದಳು. ಅದು ತೊಳೆದು ಮುಗಿಸುವವರೆಗೂ ಅದರ ಮೇಲೆ ಕೈಯಿಟ್ಟು ನಿಂತಿದ್ದಳು.

ಲೋಟ ತೆಗೆದು ಬೆಳಕಿಗೆ ಹಿಡಿದಳು.

"ನೋಡು, ಲಿಪ್‌ಸ್ಟಿಕ್ ಹೋಗೇ ಇಲ್ಲ," ಎಂದಳು.

ಲೋಟದಲ್ಲಿ ಏನೂ ಇರಲಿಲ್ಲ. ಅವಳು ಏಪ್ರನ್ ತುದಿಯಿಂದ ಅದನ್ನು ಒರೆಸುತ್ತಲೇ ಇದ್ದಳು, ನಡುನಡುವೆ ಕಣ್ಣನ್ನೂ.