ಖಾಲಿ ಲೈನು, ಬಾರದ ಚಿತ್ರ

ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ.

ಅವಳ ಕೆಲಸ ಒಂದು ಸ್ಕ್ಯಾನಿಂಗ್ ಸೆಂಟರ್‌ನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು. ಅಲ್ಲಿ ತೆಗೆದ ಚಿತ್ರಗಳ ಪ್ರತಿ ಊರಾಚೆಯ ಆಸ್ಪತ್ರೆಯ ಸರ್ವರ್‌ಗೆ ತಾನಾಗಿಯೇ ಹೋಗಬೇಕು. ಇಂಟರ್ನೆಟ್ ಲೈನು ಸದಾ ತುಂಬಿರುತ್ತದೆಂದು, ಕಳಿಸುವ ಮೊದಲು ಎಲ್ಲ ಫೈಲುಗಳ ಗಾತ್ರ ಕುಗ್ಗಿಸುವ ಏರ್ಪಾಟನ್ನು ನಿನ್ನೆಯಷ್ಟೇ ಮಾಡಿದ್ದಳು.

ಈಗ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸನ್ನು ಆಪರೇಷನ್‌ಗೆ ಸಿದ್ಧಮಾಡಿ ಮಲಗಿಸಿದ್ದಾರೆ. ಬೆಳಿಗ್ಗೆ ತೆಗೆದ ಅವಳ ತಲೆಯ ಚಿತ್ರ ಮಾತ್ರ ತಲುಪಿಲ್ಲ. ಅದನ್ನು ನೋಡದೆ ಡಾಕ್ಟರು ಕೈಹಾಕುವಂತಿಲ್ಲ.

ಮ್ಯಾನೇಜರು ಫೋನ್ ಮಾಡಿದರು. ಸ್ಪೀಕರ್‌ನಲ್ಲಿ ನನಗೂ ಕೇಳಿಸಿತು.

“ಏನಮ್ಮಾ, ಲೈನು ಖಾಲಿ ಹೊಡೀತಿದೆ! ಭೇಷ್!”

“ಖಾಲಿ ಇದೆ ಸರ್. ಆದ್ರೆ ಚಿತ್ರ ಹೋಗಿಲ್ಲ.”

“ಖಾಲಿ ಲೈನಲ್ಲಿ ಹೋಗೋಕೆ ಅದಕ್ಕೇನು ದಾಡಿ?”

ನನಗೂ ತಲೆಬುಡ ಅರ್ಥವಾಗಲಿಲ್ಲ. “ಪುಟ್ಟೀ, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ?”

“ಅಮ್ಮಾ, ಅದೇನು ಮಿಕ್ಸಿಯಾ?”

ಅವಳ ಹಣೆ ಬೆವರಿತ್ತು. ಮಡಚಿದ ಟವೆಲನ್ನೇ ಕೊಟ್ಟೆ. ಒರೆಸಿಕೊಂಡು ಮತ್ತೇನೋ ತೆರೆದು ನೋಡಿದಳು. ತಟ್ಟನೆ ಹಣೆ ಚಚ್ಚಿಕೊಂಡಳು.

“ಅಯ್ಯೋ, ಎಂಥ ಪೆದ್ದಿ ನಾನು! ಸ್ಕ್ಯಾನ್ ಯಂತ್ರಾನೇ ಚಿತ್ರಗಳನ್ನ ಕುಗ್ಗಿಸಿ ಕೊಡುತ್ತೆ. ನಮ್ಮ ಸರ್ವರ್ ಅವನ್ನೇ ಮತ್ತೆ ಕುಗ್ಗಿಸೋಕೆ ಹೆಣಗಾಡ್ತಾ ಕೂತಿದೆ. ಅವು ಕುಗ್ಗಲ್ಲ, ಇದು ಬಿಡಲ್ಲ.”

“ಮತ್ತೆ ಲೈನು ಖಾಲಿ ಇದ್ದಿದ್ದು?”

“ರಸ್ತೆ ಖಾಲಿ ಇರದೇ ಇನ್ನೇನು, ಯಾರೂ ಮನೆಯಿಂದ ಹೊರಟೇ ಇರ್ಲಿಲ್ಲ ಅಮ್ಮಾ.”

ಚಿತ್ರಗಳನ್ನು ಕುಗ್ಗಿಸದೆ ಹಾಗೇ ಕಳಿಸುವಂತೆ ಬದಲಾಯಿಸಿದಳು. ಲೈನು ಎಷ್ಟು ತುಂಬಿದೆಯೆಂದು ತೋರಿಸುವ ಪರದೆಯ ಗೆರೆ ಮೇಲೇರಿ ಕೆಂಪಾಯಿತು. ಏನೋ ಕೆಟ್ಟಿತೆಂದುಕೊಂಡೆ, ಅವಳು ನೋಡಿದರೆ ನಗುತ್ತಿದ್ದಾಳೆ! ಮ್ಯಾನೇಜರು ಮತ್ತೆ ಕರೆ ಮಾಡಿದರು.

“ಏನ್ಮಾಡಿದೆ? ಲೈನು ಮತ್ತೆ ತುಂಬಿ ಹೋಯ್ತಲ್ಲ! ಎಲ್ಲ ಸರಿಯಿತ್ತು, ಕೆಡಿಸಿಬಿಟ್ಟೆ!”

“ಆಮೇಲೆ ಬೈಯಿರಿ ಸರ್, ಆಸ್ಪತ್ರೆಯವರು ಕರೀತಿದಾರೆ,” ಎಂದು ಆ ಕರೆ ತೆಗೆದುಕೊಂಡಳು.

“ಚಿತ್ರ ಬಂತಮ್ಮಾ,” ಎಂದರು ಡಾಕ್ಟರು. “ಗಡ್ಡೆ ನಾವಂದುಕೊಂಡಿದ್ದಕ್ಕಿಂತ ಹಿಂದಿದೆ. ಸದ್ಯ, ನೋಡಿದ್ದು ಒಳ್ಳೇದಾಯ್ತು. ಶುರು ಮಾಡ್ತೀವಿ.”

ಫೋನು ಇಟ್ಟವಳ ಮುಖದಲ್ಲಿ ನಗು ಉಳಿದಿರಲಿಲ್ಲ. ಲೈನು ಖಾಲಿಯಿದ್ದಾಗ ಬೆವರಿ, ತುಂಬಿ ಕೆಂಪಾದಾಗ ನಕ್ಕ ಮಗಳು ಈಗ ಎರಡೂ ಇಲ್ಲದೆ ಕೂತಿದ್ದಳು. ಅನ್ನ ಬಡಿಸಿ ಮುಂದಿಟ್ಟೆ.

“ಅಮ್ಮಾ, ತಲೆ ಆಪರೇಷನ್ನು ಎಷ್ಟು ಹೊತ್ತಾಗುತ್ತೆ?”

“ನನಗೇನು ಗೊತ್ತು ಪುಟ್ಟೀ?”

ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಟ್ಟೆಯ ರಾಶಿಯಿಂದ ಒಂದು ಅಂಗಿ ಎಳೆದುಕೊಂಡು ನನ್ನೊಡನೆ ಮಡಚತೊಡಗಿದಳು.